ದೊರೆ ಸೊರಗಿದ ಸಮಾಚಾರ

ಬಹಳ ಹಿಂದೆ, ಮನುಷ್ಯನ ಯೋಗ್ಯತೆಯನ್ನು ನಡುಪಟ್ಟಿಯಿಂದ ಅಳೆಯುತ್ತಿದ್ದ ಕಾಲದಲ್ಲಿ, ಪೀನಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮೈ ತುಂಬಿಕೊಂಡವನೇ ಆರೋಗ್ಯವಂತ. ತೆಳ್ಳಗಿದ್ದವನಿಗೆ ಕಾಯಿಲೆಯೋ ಕೊರಗೋ ಇರಲೇಬೇಕೆಂದು ಎಲ್ಲರ ತೀರ್ಮಾನ.

ಮಹಾರಾಜ ಪುಷ್ಟವರ್ಮರು ಸಿಂಹಾಸನದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಆಸ್ಥಾನವೆಲ್ಲ "ಆಹಾ, ಗಾಂಭೀರ್ಯ" ಎಂದು ತಲೆದೂಗುತ್ತಿತ್ತು. ಅದು ಹೃದಯ ಸೋಲುತ್ತಿರುವ ಲಕ್ಷಣವೆಂದು ರಾಜವೈದ್ಯ ನಿಂಬಾಚಾರ್ಯರಿಗೆ ಮಾತ್ರ ಗೊತ್ತಿತ್ತು. ಹೀಗೇ ಬಿಟ್ಟರೆ ದೊರೆ ಉಳಿಯುವುದಿಲ್ಲ ಎಂದು ಅವರು ಗುಟ್ಟಾಗಿ ತುಪ್ಪ ತಿನ್ನುವುದನ್ನು ಬಿಡಿಸಿದರು, ಬೆಳಗ್ಗೆ ತೋಟದಲ್ಲಿ ನಡೆಸಿದರು. ದೀಪಾವಳಿಯ ಹೊತ್ತಿಗೆ ಮಹಾರಾಜರು ಮಾತಾಡುತ್ತಲೇ ಮೆಟ್ಟಿಲು ಹತ್ತಿದರು. ಆಚಾರ್ಯರು ಅಂದು ನೆಮ್ಮದಿಯಾಗಿ ಊಟ ಮಾಡಿದರು.

ಮರುದಿನ ಮೆರವಣಿಗೆ. ಸೊಪ್ಪು ಮಾರುವ ಮಾದಕ್ಕ ಹಣೆಗೆ ಕೈ ಅಡ್ಡ ಹಿಡಿದು ದೊರೆಯನ್ನು ದಿಟ್ಟಿಸಿದಳು. "ಯಾಕಪ್ಪಾ ನನ್ನೊಡೆಯಾ, ಹಿಂಗ್ ಸೊರಗೋಗಿದ್ದೀಯ? ಅರಮನೇಲಿ ಹೊಟ್ಟೆ ತುಂಬಾ ಇಕ್ಕೋರು ಯಾರೂ ಇಲ್ವಾ?"

ಬೀದಿಗೆ ಬೀದಿಯೇ ಕಣ್ಣೊರೆಸಿಕೊಂಡಿತು. ಸಂಜೆಯೊಳಗೆ ದೊರೆಗೆ ಕ್ಷಯ ಎಂದಾಯಿತು. ನೆರೆರಾಜ್ಯದ ರಾಯಭಾರಿ ಸಂತಾಪ ಸೂಚನೆಯ ಕರಡು ಸಿದ್ಧಪಡಿಸಿದ. ಮಂತ್ರಿಗಳು ಮುಂದೆ ಪಟ್ಟಕ್ಕೆ ಬರಬಹುದಾದ ದೊರೆಯ ಭಾವಮೈದುನನ ಮನೆಗೆ ಹಣ್ಣಿನ ಬುಟ್ಟಿ ಕಳಿಸಿದರು.

ಮಹಾಮಂತ್ರಿ ಸೌಮ್ಯಕೀರ್ತಿ ತುರ್ತು ಸಭೆ ಕರೆದರು. "ಏನು ಮಾಡಿಟ್ಟಿರಿ ಆಚಾರ್ಯರೇ, ನಮ್ಮ ಪ್ರಭುಗಳನ್ನು?"

"ಗುಣವಾಗಿದ್ದಾರೆ ಸ್ವಾಮಿ. ಬೇಕಾದರೆ ನಾಡಿ ನೋಡಿ."

"ಪ್ರಜೆಗಳು ನಾಡಿ ನೋಡುವುದಿಲ್ಲ, ಹೊಟ್ಟೆ ನೋಡುತ್ತಾರೆ. ರಾಜ್ಯದ ಇಮೇಜ್ ಕುಸಿದಿದೆ."

"ನನಗೇನೋ ಮೈ ಹಗುರವಾದಂತಿದೆ," ಎಂದರು ಮಹಾರಾಜರು ಮೆಲ್ಲಗೆ.

"ಅದೇ ರೋಗಲಕ್ಷಣ, ಪ್ರಭು."

ರಾಜಾಜ್ಞೆ ಹೊರಟಿತು: ಮಹಾರಾಜರ ಪುನಶ್ಚೇತನ ಯೋಜನೆಯಡಿ ಪ್ರತಿ ಮನೆಯೂ ವಾರಕ್ಕೊಂದು ತಂಬಿಗೆ ತುಪ್ಪ ಒಪ್ಪಿಸತಕ್ಕದ್ದು. ನಿಂಬಾಚಾರ್ಯರನ್ನು ತುಪ್ಪದ ಗುಣಮಟ್ಟ ಪರೀಕ್ಷಕರ ಹುದ್ದೆಗೆ ವರ್ಗಾಯಿಸಲಾಯಿತು. ಪರೀಕ್ಷಿಸಿದ್ದನ್ನು ದೊರೆಗೆ ಸ್ವತಃ ಬಡಿಸುವುದೂ ಆ ಹುದ್ದೆಯ ಕರ್ತವ್ಯ.

ಯುಗಾದಿಗೆ ದೊರೆ ಮತ್ತೆ ಮೈ ತುಂಬಿಕೊಂಡು, ಎದೆ ಒತ್ತಿಕೊಳ್ಳುತ್ತ, ಪಲ್ಲಕ್ಕಿಯಲ್ಲಿ ಬಂದರು. "ಈಗ ನೋಡು, ಮುಖಕ್ಕೆ ಕಳೆ ಬಂತು," ಎಂದು ಜನ ಹಿಗ್ಗಿದರು. ದೊರೆಯ ಕಣ್ಣಿಗೆ ಬಿದ್ದದ್ದು ಅವರ ಪಕ್ಕೆಲುಬು.

"ಇವರೆಲ್ಲ ಯಾಕೆ ಹೀಗಾಗಿದ್ದಾರೆ?"

"ಡಯಟ್‌ನಲ್ಲಿದ್ದಾರೆ, ಪ್ರಭು," ಎಂದರು ಮಹಾಮಂತ್ರಿ.

"ಹಾಗಾದರೆ ಮನೆಯಲ್ಲಿ ತುಪ್ಪ ಇಟ್ಟುಕೊಂಡು ಏನು ಮಾಡುತ್ತಾರೆ ಪಾಪ? ಇನ್ನು ಮೇಲೆ ಎರಡು ತಂಬಿಗೆ ತರಲಿ."

ಅಷ್ಟು ಮಾತಿಗೇ ಅವರ ಉಸಿರು ಕಟ್ಟಿತು. ಪಲ್ಲಕ್ಕಿಯ ಪಕ್ಕ ನಡೆಯುತ್ತಿದ್ದ ನಿಂಬಾಚಾರ್ಯರು ನಾಡಿ ಹಿಡಿಯಲು ಕೈ ಚಾಚಿದರು. ಮಹಾರಾಜರು ಆ ಕೈಗೆ ತುಪ್ಪದ ಖಾಲಿ ಗಿಂಡಿ ಇಟ್ಟರು.