ಭಾವನವರು ಪ್ರೊಫೆಸರ್ ಅಂದ ದಿನ

ನನ್ನ ಮಗಳ ವಿಷಯದಲ್ಲಿ ಒಂದು ತಮಾಷೆ ಬರೆದು ಮುಗಿಸಿ ಪೆನ್ನಿಗೆ ಟೊಪ್ಪಿಗೆ ಹಾಕುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ನಾನು ಕೊಲ್ಹಾಪುರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಬರೆದಿಡದ ಸಂಗತಿ ನಾಲ್ಕು ಬಾಯಿ ಸುತ್ತಿ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ ಎಂದು ನನಗೆ ಗೊತ್ತು. ಆದ್ದರಿಂದ ಅವಳಿಗೆ ಮೊದಲ ಹಲ್ಲು ಬಂದ ದಿನದಿಂದ ಎಲ್ಲ ಬರೆದಿಟ್ಟಿದ್ದೇನೆ. ಈಗ ನಡೆದಿರುವುದು ಐದನೆಯ ವಹಿ.

ಅವಳು ಇಂಟರ್‌ಆ್ಯಕ್ಟಿವ್ ಮೀಡಿಯಾ ಕಲಾವಿದೆ, ಕಾಲೇಜಿನಲ್ಲಿ ಅದನ್ನೇ ಕಲಿಸುವ ಪ್ರೊಫೆಸರ್. ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ಚಿತ್ರವಲ್ಲ ಅದು. ನೀವು ಹತ್ತಿರ ಹೋದರೆ, ಮುಟ್ಟಿದರೆ, ಮಾತಾಡಿದರೆ ತಿರುಗಿ ಏನಾದರೂ ಮಾಡುವ ಕಲೆ. ಇಷ್ಟು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ. ನನ್ನ ಭಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ತಿಳಿಯಲಿಲ್ಲ. ಅವರು ಇಚಲಕರಂಜಿಯಲ್ಲಿ ನಲವತ್ತು ವರ್ಷ ಪಾವರ್‌ಲೂಮ್ ನಡೆಸಿದವರು, ಮನೆತನಕ್ಕೆ ಹಿರಿಯರು. ಅವರು ಒಪ್ಪಿದ್ದನ್ನೇ ಬಳಗವೆಲ್ಲ ಒಪ್ಪುತ್ತದೆ. "ತಮ್ಮನ ಮಗಳು ಏನ್ ಮಾಡ್ತಾಳ್ರಿ?" ಎಂದು ಯಾರಾದರೂ ಕೇಳಿದರೆ, "ಅದ... ಟಿವಿ ಕೆಲಸಾ" ಎಂದು ಎಲೆಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು. ಒಮ್ಮೆಯಾದರೂ ಅವರ ಬಾಯಿಂದ ‘ಪ್ರೊಫೆಸರ್’ ಎಂಬ ಮಾತು ಹೊರಡಿಸಬೇಕೆಂದು ನಾನು ಹಟ ತೊಟ್ಟೆ. ವಹಿಯ ಕೊನೆಯ ಪುಟಕ್ಕೆ ‘ಭಾವನವರು ಹೇಳಿದ್ದು’ ಎಂದು ತಲೆಬರಹ ಕೊಟ್ಟು ಖಾಲಿ ಬಿಟ್ಟೆ. ಬಹಳ ವರ್ಷ ಅದು ಖಾಲಿಯೇ ಇತ್ತು.

ಗಡಹಿಂಗ್ಲಜದ ಟಿವಿ

ಮಗಳನ್ನು ನೋಡಲು ಗಡಹಿಂಗ್ಲಜದಿಂದ ಗಂಡಿನ ಕಡೆಯವರು ಬಂದಾಗ, ಅವಳ ಕೆಲಸದ ಬಗ್ಗೆ ನಾನು ಒಂದು ಪುಟ ಟಿಪ್ಪಣಿ ಮಾಡಿಕೊಂಡು ಕೂತಿದ್ದೆ. ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಭಾವನವರು ತಮ್ಮ ಎರಡು ಶಬ್ದದ ಉತ್ತರ ಕೊಟ್ಟುಬಿಟ್ಟರು. ಹುಡುಗನ ತಾಯಿಯ ಮುಖ ಅರಳಿತು. "ಭಾಳ ಚಲೋ ಆತು ಬಿಡ್ರಿ" ಅಂದರು. ಇಷ್ಟೊಂದು ಸಂತೋಷ ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮದುವೆಯಾಯಿತು. ಮಗಳು ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದಳು, ದೇವರಿಗೆ ನಮಸ್ಕಾರ ಮಾಡಿದಳು. ಅತ್ತೆ ಅವಳ ಕೈ ಹಿಡಿದು ನೇರ ನಡುಮನೆಯ ಟಿವಿಯ ಮುಂದೆ ನಿಲ್ಲಿಸಿದರು. "ನೋಡವಾ, ದೀಪಾವಳಿಯಿಂದ ಇದರಾಗ ಗೆರಿ ಬರಾಕತ್ತಾವು. ಹೆಂಗೂ ಸೊಸಿ ಬರ್ತಾಳಂತ ಯಾರಿಗೂ ತೋರಿಸಿಲ್ಲ."

ಮಗಳು ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಟಿವಿಯ ಹಿಂದೆ ಬಗ್ಗಿ, ಸಡಿಲಾಗಿದ್ದ ವೈರು ಒತ್ತಿದಳು. ಗೆರೆ ಹೋದವು. ಮಾರನೆಯ ದಿನ ಅರಿಸಿನ ಕುಂಕುಮಕ್ಕೆ ಬಂದ ಓಣಿಯ ಹೆಂಗಸರಲ್ಲಿ ಮೂವರ ಕೈಯಲ್ಲಿ ರಿಮೋಟ್ ಇತ್ತು, ಒಬ್ಬಳ ಬಗಲಲ್ಲಿ ಮಿಕ್ಸರ್.

ಜಾಗೃತ ದೇವರು

ಕಾಲೇಜಿನ ಬಾಗಿಲಲ್ಲಿ ಮಗಳು ಎದೆಯೆತ್ತರದ ಒಂದು ಹಿತ್ತಾಳೆ ದೀಪ ನಿಲ್ಲಿಸಿದಳು. ಎಣ್ಣೆಯಿಲ್ಲ, ಬತ್ತಿಯಿಲ್ಲ. ಎದುರಿಗೆ ನಿಂತು ಕೈ ಜೋಡಿಸಿದರೆ ತಾನೇ ಬೆಳಗುತ್ತದೆ, ಕೈ ಬಿಟ್ಟರೆ ಆರುತ್ತದೆ. ಬೆಳಕು ಇರುವುದು ದೀಪದಲ್ಲೋ ಕೈಯಲ್ಲೋ ಎಂದು ಪಕ್ಕದಲ್ಲಿ ಒಂದು ಫಲಕ. ಫಲಕವನ್ನು ನಾನೊಬ್ಬಳೇ ಓದಿದೆ.

ಮೂರನೆಯ ದಿನ ದೀಪ ಆರುವುದನ್ನೇ ಬಿಟ್ಟಿತು. ಮಗಳು ಲ್ಯಾಪ್‌ಟಾಪ್ ಹಿಡಿದು ಒಂದು ತಾಸು ತಲೆ ಕೆಡಿಸಿಕೊಂಡಳು. ಕೊನೆಗೆ ನೋಡಿದರೆ, ಕೈ ಗುರುತಿಸುವ ಪುಟ್ಟ ಸೆನ್ಸರಿಗೆ ಯಾರೋ ದಪ್ಪಗೆ ಕುಂಕುಮ ಹಚ್ಚಿದ್ದರು. ಬುಡದಲ್ಲಿ ಎರಡು ಹೋಳು ತೆಂಗಿನಕಾಯಿ. ಒರೆಸಲು ಹೋದರೆ ಕಸ ಗುಡಿಸುವ ಮಾವಶಿ ಅಡ್ಡ ನಿಂತಳು: "ಮ್ಯಾಡಮ್, ಹಾತ್ ಲಾವೂ ನಕಾ! ದೇವ್ ಜಾಗೃತ್ ಆಹೇ!" ಮುಟ್ಟಬೇಡಿ, ಇದು ಜಾಗೃತ ದೇವರು ಎಂದು!

"ಅದು ದೇವರಲ್ಲ ಮಾವಶಿ, ಸೆನ್ಸರ್" ಎಂದು ಮಗಳು ಮರಾಠಿಯಲ್ಲೇ ತಿಳಿಸಿ ಹೇಳಿದಳು.

"ನಾವ್ ಕಾಹೀ ಅಸೂ ದೇ" ಅಂದಳು ಮಾವಶಿ. ಹೆಸರು ಏನಾದರೂ ಇರಲಿ!

ಪ್ರಾಚಾರ್ಯರನ್ನು ಕರೆಸಿದೆವು. ಅವರು ವಿಜ್ಞಾನ ಓದಿದವರು. "ಇದೇನು ಹುಚ್ಚಾಟ, ಈಗಲೇ ಒರೆಸಿರಿ" ಎಂದು ದೊಡ್ಡ ದನಿಯಲ್ಲಿ ಹೇಳುತ್ತಲೇ ಬಂದರು. ಹತ್ತು ಹೆಜ್ಜೆ ಆಚೆಗೇ ಬೂಟು ಬಿಚ್ಚಿ ಬಂದರು.

ಕೊನೆಯ ಬೆಂಚು

ಮಗಳು ಪಾಠ ಮಾಡುವುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕೆಂದು ಒಮ್ಮೆ ಕೊನೆಯ ಬೆಂಚಿನಲ್ಲಿ ಕೂತೆ. "ಈ ಕಲೆಯಲ್ಲಿ ಅರ್ಧ ಕೆಲಸ ನಮ್ಮದು, ಉಳಿದರ್ಧ ನೋಡಲು ಬಂದವರದು" ಎಂದಳು. ಚೆನ್ನಾಗಿತ್ತು, ಬರೆದುಕೊಂಡೆ. ಕೊನೆಗೆ "ಪ್ರಶ್ನೆ ಇದ್ದರೆ ಕೇಳಿ" ಅಂದಳು. ಯಾರೂ ಕೈ ಎತ್ತಲಿಲ್ಲ. ನನಗೆ ಪಾಪ ಅನ್ನಿಸಿ ನಾನೇ ಎತ್ತಿದೆ.

"ಊಟಾ ಮಾಡಿಯೇನ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ಮಾತ್ರ ನಗಲಿಲ್ಲ. "ಇಲ್ಲ ಅವ್ವಾ" ಎಂದು ನನಗೆ ಹೇಳಿ, ಹುಡುಗರ ಕಡೆ ತಿರುಗಿ, "ನೋಡಿದಿರಾ? ಉತ್ತರ ಕೊಡದೆ ಇರಲಿಕ್ಕೆ ಆಗದಂಥ ಪ್ರಶ್ನೆ. ನಿಮ್ಮ ಕೃತಿ ಹೀಗಿರಬೇಕು" ಎಂದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನೂ ನೋಟ್ಸಿಗೆ ಇಳಿಸಿಕೊಂಡಳು.

ಹರಿದ ಎಳೆ

ಹೋದ ವರ್ಷ ಮಗಳು ಒಂದು ಯಂತ್ರ ಹಿಡಿದು ಇಚಲಕರಂಜಿಗೆ ಹೋಗಿ, ಭಾವನವರ ಕಾರಖಾನೆಯಲ್ಲಿ ಮೂರು ದಿನ ಮಗ್ಗಗಳ ಸದ್ದು ರೆಕಾರ್ಡ್ ಮಾಡಿಕೊಂಡಳು. ಭಾವನವರು ನನಗೆ ಫೋನ್ ಮಾಡಿದರು. "ತಂಗಿ, ಮಂದಿ ಈ ಸದ್ದಿಗೆ ಕಿವ್ಯಾಗ ಹತ್ತಿ ಇಟ್ಕೋತಾರ. ನಿಮ್ಮ ಮಗಳು ತುಂಬ್ಕೊಂಡು ಹೋಗಾಕ ಬಂದಾಳ. ಆಕಿಗೆ ಆರಾಮ ಐತಿಲ್ಲೋ?"

ಆರು ತಿಂಗಳ ಮೇಲೆ ಕೊಲ್ಹಾಪುರದಲ್ಲಿ ಪ್ರದರ್ಶನ. ಕತ್ತಲೆಯ ಹಾಲ್‌ನ ನಡುವೆ ಒಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದಳು. ಜನ ಹತ್ತಿರ ಬಂದಂತೆ ಸುತ್ತಲೂ ಮಗ್ಗಗಳು ಒಂದೊಂದಾಗಿ ಸದ್ದು ಮಾಡತೊಡಗುತ್ತವೆ, ಬಟ್ಟೆಯ ಮೇಲೆ ಬೆಳಕಿನ ಎಳೆಗಳು ನೇಯ್ದುಕೊಳ್ಳುತ್ತ ಹೋಗುತ್ತವೆ. ಕೊನೆಯ ದಿನ ಪುಣೆಯಿಂದ ಹಿರಿಯ ವಿಮರ್ಶಕರೊಬ್ಬರು ಬರುವವರಿದ್ದರು. ಅವರ ಬರಹದ ಮೇಲೆ ಮಗಳ ಮುಂದಿನ ಪ್ರದರ್ಶನ ನಿಂತಿತ್ತು. ಅದೇ ದಿನ ನಾನು ಭಾವನವರನ್ನೂ ಕರೆದೆ. ಕಲೆ ಎಂದರೆ ಬರುವವರಲ್ಲ. "ಭಾವಾರ, ಸದ್ದು ನಿಮ್ಮ ಮಗ್ಗದ್ದು. ಬರೋಬರಿ ಐತೋ ಇಲ್ಲೋ ನೋಡಾಕ ಬರ್ರಿ" ಎಂದೆ. ಬಂದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ.

ಹಾಲ್ ತುಂಬಿತ್ತು. ವಿಮರ್ಶಕರು ಮುಂದೆ, ಭಾವನವರು ಹಿಂದೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ನಿದ್ದೆ ಹತ್ತಿತೇನೋ ಎಂದುಕೊಂಡೆ. ಅಷ್ಟರಲ್ಲಿ ಕಾರಖಾನೆಯಲ್ಲಿ ಹೊಡೆಯುವಂಥ ಕೂಗು ಹೊಡೆದರು: "ಥಾಂಬವಾ! ನಿಲ್ಲಸ್ರಿ! ಎಳಿ ಹರಿದೈತಿ!"

ಎರಡೂ ಮೊಳಕೈಯಿಂದ ಜನರನ್ನು ಸರಿಸುತ್ತ ಹೊರಟರು. ಒಂದು ಮೊಳಕೈ ವಿಮರ್ಶಕರಿಗೆ ಬಿತ್ತು. "ಯಾರ ನಿಂತೀರಿ ಮಗ್ಗದ ಮುಂದ? ಕಿವಿ ಅದಾವೋ ಇಲ್ಲೋ? ಲಾಳಿ ಬರಿದ ಓಡಾಕತ್ತೈತಿ!" ಎಂದು ಬೈಯುತ್ತ, ಗೋಡೆಯ ಪಕ್ಕದ ದೊಡ್ಡ ಪ್ಲಗ್ ಹುಡುಕಿ ಕಿತ್ತೇಬಿಟ್ಟರು.

ಪೂರ್ತಿ ಕತ್ತಲೆ. ಒಂದು ಸದ್ದಿಲ್ಲ. ಕರೆದವಳು ನಾನೇ. ಮಗಳ ಆರು ತಿಂಗಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆ ಎಂದುಕೊಂಡೆ. ಯಾರೋ ಮೊಬೈಲ್ ಬೆಳಕು ಬಿಟ್ಟರು. ನೋಡಿದರೆ ಭಾವನವರು ಬಟ್ಟೆಯ ಮುಂದೆ ಬಗ್ಗಿ, ಬೆರಳಿನಿಂದ ಸವರುತ್ತ, ಗಂಟು ಹಾಕಲು ಹರಿದ ತುದಿ ಹುಡುಕುತ್ತಿದ್ದಾರೆ.

ಮೊದಲು ಚಪ್ಪಾಳೆ ಹೊಡೆದವರು ವಿಮರ್ಶಕರು. ಆಮೇಲೆ ಇಡೀ ಹಾಲ್. "ಅದ್ಭುತ!" ಎಂದು ಮೊಳಕೈ ಬಿದ್ದ ಪಕ್ಕೆ ಒತ್ತಿಕೊಳ್ಳುತ್ತ ಅವರು ಮಗಳನ್ನು ಕೇಳಿದರು: "ಹೇ ಕಾಕಾ ರೋಜ್ ಯೇತಾತ್ ಕಾ?" ಈ ಕಾಕಾ ದಿನಾ ಬರುತ್ತಾರಾ ಎಂದು!

ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಬಂದು ಭಾವನವರ ಕೈ ಹಿಡಿದಳು. "ದೊಡ್ಡಪ್ಪಾ, ಇಷ್ಟು ದಿನ ಇಷ್ಟು ಮಂದಿ ಬಂದ್ರು. ಎಳಿ ಹರಿದದ್ದು ಒಬ್ಬರಿಗೂ ಕೇಳಲಿಲ್ಲ. ನಿಮಗೊಬ್ಬರಿಗೇ ಕೇಳ್ತು. ಅದನ್ನ ನಾ ಬೇಕಂತಲೇ ಹರಿದಿಟ್ಟಿದ್ದೆ. ಯಾರರೆ ಕೇಳಿ ಬಟ್ಟಿ ಮ್ಯಾಲ ಕೈ ಇಟ್ರ ಎಲ್ಲಾ ನಿಲ್ಲೂ ಹಂಗ ಮಾಡೇನಿ."

"ಬೇಕಂತ ಎಳಿ ಹರೀತಾರೇನ, ಹುಚ್ಚಿ?" ಅಂದರು ಭಾವನವರು. ಆಮೇಲೆ ಮೆಲ್ಲಗೆ, "ಮೂರನೇ ನಂಬರ್ ಮಗ್ಗದ್ದಲ್ಲ ಅದು? ನಮ್ಮ ಅಪ್ಪ ಕೂಡಿಸಿದ್ದು."

"ಹೌದ್ರಿ ದೊಡ್ಡಪ್ಪಾ."

ಅವರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಹಾಕಿಕೊಂಡರು. ವಿಮರ್ಶಕರು ಮುಂದೆ ಬಂದು, ತಾವು ಯಾರು ಎಂದು ಭಾವನವರನ್ನು ಕೇಳಿದರು. ನಾನು ಚೀಲದಿಂದ ವಹಿ ತೆಗೆದು ಕೊನೆಯ ಪುಟ ಬಿಡಿಸಿ, ಪೆನ್ನು ಹಿಡಿದು ನಿಂತೆ.

ಭಾವನವರು ಎದೆಯುಬ್ಬಿಸಿ ಹೇಳಿದರು: "ನಮ್ಮ ಹುಡುಗಿ ಪ್ರೊಫೆಸರ್ ಅದಾಳ." ನಾನು ಬರೆದುಕೊಂಡು ಪೂರ್ಣವಿರಾಮ ಹಾಕುವುದರೊಳಗೆ ಸೇರಿಸಿದರು: "ನಾ ಪಾರ್ಟನರ್."

ಅದನ್ನೂ ಬರೆದುಕೊಂಡೆ. ಈಗ ಮುಂದಿನ ಪ್ರದರ್ಶನಕ್ಕೆ ಅವರು ಧೋತರಕ್ಕೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾರೆ. ಮಗಳು ಫೋನಿನಲ್ಲಿ ಬೇಡಿಕೊಂಡಳು: "ದೊಡ್ಡಪ್ಪಾ, ಈ ಸಲ ಪ್ಲಗ್ ಕೀಳಬ್ಯಾಡ್ರಿ, ಬಟ್ಟಿ ಮ್ಯಾಲ ಕೈ ಇಟ್ರ ಸಾಕು."

"ಸುಮ್ನಿರ! ನಡಿಯೂ ಮಗ್ಗಕ್ಕ ಕೈ ಹಾಕಿದ್ರ ಕೈಬೆರಳು ಹೋಗ್ತಾವ" ಎಂದು ಅವರು ಗದರಿದ್ದು ನನಗೆ ಇಲ್ಲಿಗೇ ಕೇಳಿಸಿತು. "ಇಷ್ಟೂ ತಿಳಿಯೂದಿಲ್ಲ, ಪ್ರೊಫೆಸರ್ ಅಂತ ಪ್ರೊಫೆಸರ್!"

ಒಂದೇ ಉಸಿರಿಗೆ ಎರಡು ಸಲ. ಎರಡನ್ನೂ ಬರೆದುಕೊಂಡಿದ್ದೇನೆ.