ಡಾಕ್ಟರಮ್ಮನ ವಿಲಾಯತಿ ಜೀಪು

ಗಾಡಿ ನೋಡಲು ಹೊರಟ ಬೆಳಗ್ಗೆ ಸುಬ್ಬರಾಯಪ್ಪ ತನ್ನ ಅಕ್ಕನ ಗಂಡನಿಗೆ ಒಂದು ಬುದ್ಧಿಮಾತು ಹೇಳಿದ. ಆವತ್ತು ಆದ ಅನಾಹುತಕ್ಕೆಲ್ಲ ಆ ಮಾತೇ ಮೂಲ.

"ನೋಡಿ ಭಾವ, ಏನೇ ಆಗ್ಲಿ, ಗಾಡಿ ಚೆನ್ನಾಗಿದೆ ಅಂತ ಮಾತ್ರ ಬಾಯಿ ಬಿಡಬೇಡಿ. ನಿಮ್ಮ ಮೊಖದಲ್ಲಿ ಆಸೆ ಕಂಡ್ರೆ ಮುಗೀತು, ಬೆಲೆ ಆಕಾಶಕ್ಕೆ ಹೋಗುತ್ತೆ. ಕಂಡಿದ್ದಕ್ಕೆಲ್ಲ ಕೊಂಕು ತೆಗೀತಾ ಇರಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಕೋದಂಡರಾಮಪ್ಪ ತಲೆಯಾಡಿಸಿದ. ಆದರೆ ಇಪ್ಪತ್ತು ವರ್ಷದ ಆಸೆಯನ್ನು ಮುಖದಿಂದ ಒರೆಸಿ ಹಾಕಲು ಅದೇನು ಬೆವರೇ?

ಅವನಿಗಿನ್ನೂ ಮೀಸೆ ಚಿಗುರುತ್ತಿದ್ದ ಕಾಲ. ಕೋದಂಡರಾಮಪ್ಪನ ಅಕ್ಕನಿಗೆ ಹೆರಿಗೆ ಕಷ್ಟವಾಗಿತ್ತು. ಊರ ಮುಂದಿನ ಹಳ್ಳ ತುಂಬಿ, ಎತ್ತಿನ ಗಾಡಿಗಳೆಲ್ಲ ಆಚೆ ದಡದಲ್ಲೇ ನಿಂತಿದ್ದವು. ಎಲ್ಲರೂ ಕೈ ಚೆಲ್ಲಿ ಕೂತಿದ್ದಾಗ ಕೋಲಾರದ ಡಾಕ್ಟರ ಹಸಿರು ಜೀಪು ಕೆಂಪು ನೀರನ್ನು ಸೀಳಿಕೊಂಡು, ಎಮ್ಮೆ ಕೆರೆ ದಾಟುವಷ್ಟು ನಿರಾಳವಾಗಿ ಈಚೆ ದಡ ಹತ್ತಿತು. ತಾಯಿ ಮಗು ಇಬ್ಬರೂ ಉಳಿದರು. ಎಲ್ಲರೂ ಡಾಕ್ಟರ ಕಾಲಿಗೆ ಬಿದ್ದರೆ, ಕೋದಂಡರಾಮಪ್ಪ ಮಾತ್ರ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಅದು ಬೆಚ್ಚಗಿತ್ತು.

ಅದು ಅಂತಿಂಥ ಜೀಪಲ್ಲ. ವಿಲಾಯತಿಯಿಂದ ಹಡಗಿನಲ್ಲಿ ಬಂದದ್ದು. ಹೊರಗೆ ಪೈಲ್ವಾನನ ಮೈಕಟ್ಟು, ಒಳಗೆ ಮದುವೆ ಮನೆಯ ಸೋಫಾದಂಥ ಚರ್ಮದ ಸೀಟು. ಆಮೇಲೆ ಕೋದಂಡರಾಮಪ್ಪ ಹಿಪ್ಪುನೇರಳೆ ತೋಟ ಮಾಡಿದ, ಮದುವೆಯಾದ, ಮಕ್ಕಳಾದವು. ರೇಷ್ಮೆಗೂಡು ಮಾರಲು ಕೋಲಾರಕ್ಕೆ ಹೋದಾಗಲೆಲ್ಲ ಡಾಕ್ಟರ ಮನೆಯ ಬೀದಿ ಸುತ್ತಿಕೊಂಡೇ ಬರುತ್ತಿದ್ದ. ಗೇಟಿನ ಸಂದಿಯಿಂದ ಒಮ್ಮೆ ಇಣುಕಿ ನೋಡಿದರೆ ಸಾಕು, ಆವತ್ತು ಗೂಡಿಗೆ ಎಷ್ಟು ಸಿಕ್ಕಿದರೂ ಸಂತೋಷವೇ.

"ನನ್ನನ್ನ ನೋಡೋಕೆ ಬಂದಾಗಲೂ ನೀವು ಹಿಂಗೆ ಇಣುಕಲಿಲ್ಲ" ಎಂದು ಹೆಂಡತಿ ಶಾಮಲಮ್ಮ ಹಂಗಿಸುತ್ತಿದ್ದಳು.

ಹೋದ ವರ್ಷ ಡಾಕ್ಟರು ತೀರಿಕೊಂಡರು. ಈಗ ಅವರ ಹೆಂಡತಿ ಭಾರತಮ್ಮ ಜೀಪು ಮಾರುತ್ತಾರಂತೆ ಎಂಬ ಸುದ್ದಿ ಬಂದಿತ್ತು. ಕೋದಂಡರಾಮಪ್ಪನಿಗೆ ಊಟ ಸೇರಲಿಲ್ಲ.

ಸರಿ, ಬೆಳಗಿನ ಬಸ್ಸಿಗೆ ಭಾವ, ಭಾವಮೈದ ಹೊರಟರು. ಪಕ್ಕದ ಮನೆಯ ರಾಮಚಂದ್ರಪ್ಪ ಮೇಷ್ಟ್ರು ಕರೆಯದೆಯೇ ಜೊತೆಯಾದರು. "ನಾನು ವಿಜ್ಞಾನ ಪಾಠ ಮಾಡೋನು. ಎಂಜಿನ್ನಿನ ವಿಷಯ ನಿಮಗೇನು ಗೊತ್ತಾಗುತ್ತೆ?" ಎನ್ನುವುದು ಅವರ ವಾದ. ಸುಬ್ಬರಾಯಪ್ಪನ ಅನುಭವವೂ ಕಡಿಮೆಯದೇನಲ್ಲ. ಊರಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಅವನು ಬೇಕಾದಷ್ಟು ಸಲ ಓಡಾಡಿದ್ದ.

ಭಾರತಮ್ಮ ಕಾಫಿ ಕೊಟ್ಟು ಕೂರಿಸಿದರು. ಮೃದು ಮಾತಿನ ಹೆಂಗಸು. "ನಂಗೆ ಗಾಡಿ ವಿಷಯ ಒಂದೂ ತಿಳಿಯಲ್ಲಪ್ಪ. ಅವರು ಓಡಾಡಿದ ಗಾಡಿ, ಒಳ್ಳೆ ಮನೆ ಸೇರಿದ್ರೆ ಸಾಕು. ಬನ್ನಿ, ಕುರುಡುಮಲೆ ಗಣಪತಿ ದರ್ಶನ ಮಾಡ್ಕೊಂಡು ಬರೋಣ. ದಾರೀಲಿ ನೀವೇ ಪರೀಕ್ಷೆ ಮಾಡ್ಕೊಳ್ಳಿ."

ಡಾಕ್ಟರ ಕಾಲದ ಡ್ರೈವರು ಮುನಿಶಾಮಿ ಷೆಡ್ಡಿನ ಬಾಗಿಲು ತೆಗೆದ. ಹಸಿರು ಜೀಪು ಕತ್ತಲಿಂದ ಹೊರಗೆ ಬಂತು. ಕೋದಂಡರಾಮಪ್ಪನ ಬಾಯಿ ತಾನಾಗಿ ತೆರೆದುಕೊಂಡಿತು. ಸುಬ್ಬರಾಯಪ್ಪ ಹಿಂದಿನಿಂದ ಚಿವುಟಿದ.

"ಬಣ್ಣ... ಬಣ್ಣ ಮಾಸಿದೆ" ಎಂದ ಕೋದಂಡರಾಮಪ್ಪ.

ಮೇಷ್ಟ್ರು ಬಗ್ಗಿ ಟೈರಿಗೆ ಬೆರಳಿಂದ ಬಡಿದು ಕಿವಿಗೊಟ್ಟರು, ಕಲ್ಲಂಗಡಿ ಆರಿಸುವವರ ಹಾಗೆ. ಒಳಗೆ ಕೂತವರೇ ಕೈಗೆ ಸಿಕ್ಕ ಗುಂಡಿಯೊಂದನ್ನು ಜಗ್ಗಿದರು. ಅದು ಕಿತ್ತು ಕೈಗೆ ಬಂತು. ಮುನಿಶಾಮಿ "ಅಯ್ಯೋ ದೇವುಡಾ!" ಎಂದು ಹಣೆ ಚಚ್ಚಿಕೊಂಡ.

"ಮುಟ್ಟಿದ್ರೆ ಉದುರುತ್ತೆ" ಎಂದ ಸುಬ್ಬರಾಯಪ್ಪ ದೊಡ್ಡ ದನಿಯಲ್ಲಿ. "ಅಲ್ವಾ ಭಾವ?"

"ಹೌದು, ಉದುರುತ್ತೆ."

ಭಾರತಮ್ಮ ತಿರುಗಿ ನೋಡಿದರು. "ಹೌದೇನಪ್ಪ? ಇಷ್ಟು ದಿನ ನಮಗೆ ತಿಳೀಲೇ ಇಲ್ಲ."

ಮುಳಬಾಗಿಲಿನ ರಸ್ತೆಗೆ ಬಿದ್ದ ಮೇಲೆ ಜೀಪು ಓಡಿದ ಚಂದವೇ ಚಂದ. ಎಂಜಿನ್ನಿನ ಸದ್ದು, ಊಟವಾದ ಮೇಲೆ ಹಿರಿಯರು ತಾಂಬೂಲ ಜಗಿಯುತ್ತ ಗುನುಗಿಕೊಳ್ಳುವ ಹಾಗಿತ್ತು. ಕೋದಂಡರಾಮಪ್ಪ ಕಣ್ಣು ಮುಚ್ಚಿದ. ಶಾಮಲಮ್ಮ ಪಕ್ಕದಲ್ಲಿ, ಮಕ್ಕಳು ಹಿಂದೆ, ತವರಿಗೆ ಹೊರಟ ಹಾಗೆ ಕನಸು ಕಟ್ಟಿದ. ಅಷ್ಟರಲ್ಲಿ ರಸ್ತೆಗೆ ಒಂದು ನಾಯಿ ಅಡ್ಡ ಬಂತು. ಮುನಿಶಾಮಿ ಬ್ರೇಕು ಒತ್ತಿದ್ದೇ ತಡ, ಗಾಡಿ ಗೂಟ ಹೊಡೆದ ಹಾಗೆ ನಿಂತಿತು. ನಾಯಿ ಬಾಲ ಆಡಿಸಿಕೊಂಡು ಹೋಯಿತು. ಸುಬ್ಬರಾಯಪ್ಪನ ಹಣೆ ಮುಂದಿನ ಸೀಟಿಗೆ ಬಡಿದು ನಿಂಬೆಹಣ್ಣಿನ ಗಾತ್ರ ಊದಿಕೊಂಡಿತು.

"ಬ್ರೇಕು ಬಲು ಒರಟು!" ಎಂದು ನರಳಿದ ಅವನು. "ಹೇಳಿ ಭಾವ!"

"ಒರಟು" ಎಂದ ಕೋದಂಡರಾಮಪ್ಪ. ಮನಸ್ಸಿನಲ್ಲಿ, ಎಂಥ ಬ್ರೇಕಪ್ಪಾ ಎಂದುಕೊಂಡ.

"ಅಯ್ಯೋ, ಪೆಟ್ಟಾಯ್ತಾ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?" ಭಾರತಮ್ಮನವರ ಮುಖ ಸಣ್ಣದಾಯಿತು.

ಕುರುಡುಮಲೆಯ ತಿರುವಿನಲ್ಲಿ ಮಳೆಗೆ ದಾರಿ ಕೆಸರಾಗಿತ್ತು. ಟೊಮೆಟೊ ಬುಟ್ಟಿ ಹೇರಿದ ಲಾರಿಯೊಂದು ಅಚ್ಚಿನವರೆಗೆ ಹೂತು ನಿಂತಿತ್ತು. ಹತ್ತಾರು ಜನ ತಳ್ಳಿ ಸೋತಿದ್ದರು. ಮುನಿಶಾಮಿ ಯಾರನ್ನೂ ಕೇಳದೆ ಹಗ್ಗ ಕಟ್ಟಿದ, ಗೇರು ಹಾಕಿದ. ಜೀಪು ಒಮ್ಮೆ ಹೂಂಕರಿಸಿ, ಹಲ್ಲು ಕೀಳುವ ಹಾಗೆ ಲಾರಿಯನ್ನು ಎಳೆದು ದಾರಿಗಿಟ್ಟಿತು. ಜನ ಕೇಕೆ ಹಾಕಿದರು. ಕೋದಂಡರಾಮಪ್ಪನ ಕಣ್ಣು ತುಂಬಿತು. ಮುನಿಶಾಮಿ ಎದೆಯುಬ್ಬಿಸಿ ಅವನನ್ನೇ ನೋಡಿದ. ಈಗೇನಂತೀಯ ಎನ್ನುವ ಹಾಗೆ.

ಚಿವುಟು ಬಿತ್ತು.

"ಹಗ್ಗ ಗಟ್ಟಿಯಾಗಿತ್ತು" ಎಂದ ಕೋದಂಡರಾಮಪ್ಪ.

ಮುನಿಶಾಮಿ ಮುಖ ತಿರುಗಿಸಿಕೊಂಡು ಹಗ್ಗ ಸುತ್ತತೊಡಗಿದ.

ಮೇಷ್ಟ್ರಿಗೆ ಸ್ಫೂರ್ತಿ ಬಂತು. "ಇಷ್ಟು ಎಳೆದಿದೆ ಅಂದ್ರೆ ಒಳಗೆ ಏನೋ ಬಿರುಕು ಬಿಟ್ಟೇ ಬಿಟ್ಟಿರುತ್ತೆ. ಲೋಹಕ್ಕೂ ಆಯಾಸ ಅಂತ ಇರುತ್ತೆ. ಒಂದು ದಿನ ಹೋಗ್ತಾ ಹೋಗ್ತಾನೇ ಎರಡು ಹೋಳು!" ಎಂದು ಕೈಯಲ್ಲಿ ಮುರಿದು ತೋರಿಸಿದರು. ಭಾರತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ದೇವಸ್ಥಾನದಲ್ಲಿ ಪೂಜೆಯಾಯಿತು. ಮಂಗಳಾರತಿ ತೆಗೆದುಕೊಂಡು ಭಾರತಮ್ಮ ಕೋದಂಡರಾಮಪ್ಪನ ಕಡೆ ತಿರುಗಿದರು.

"ಕೋದಂಡರಾಮಪ್ಪನೋರೇ, ನಿಮ್ಮನ್ನ ನೋಡಿದ್ರೆ ಸುಳ್ಳು ಹೇಳೋರಲ್ಲ ಅನ್ಸುತ್ತೆ. ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಧೈರ್ಯವಾಗಿ ಹೋಗೋ ಹಂಗಿದ್ಯಾ ಈ ಗಾಡಿ?"

ಎದುರಿಗೆ ಆಳೆತ್ತರಕ್ಕೂ ಮೀರಿದ ಗಣಪತಿ. ಹಿಂದೆ ಸುಬ್ಬರಾಯಪ್ಪನ ಎರಡು ಬೆರಳು. ಕೋದಂಡರಾಮಪ್ಪ ಗಣಪತಿಗೆ ಕೈ ಮುಗಿದ. ಬೆರಳು ಗೆದ್ದಿತು.

"ನಾನಾಗಿದ್ರೆ ಕೂರಿಸ್ತಿರಲಿಲ್ಲಮ್ಮ" ಎಂದ.

ಹೊರಗೆ ಬಂದ ಮೇಲೆ ಸುಬ್ಬರಾಯಪ್ಪ ಕಿವಿಯಲ್ಲಿ ಉಸುರಿದ: "ಹಣ್ಣಾಗಿದೆ ಭಾವ. ಈಗ ಬೆಲೆ ಕೇಳೋಣ." ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಭಾರತಮ್ಮನೇ ಕೈ ಮುಗಿದರು.

"ದೊಡ್ಡ ಉಪಕಾರ ಮಾಡಿದ್ರಿ. ಈ ಗಾಡೀಲಿ ನಮ್ಮೆಜಮಾನ್ರು ಎಷ್ಟು ಜೀವ ಉಳಿಸಿದ್ರೋ. ಅದರಿಂದಲೇ ಒಂದು ಜೀವ ಹೋಯ್ತು ಅಂತ ಆದ್ರೆ ನಾನು ಸಹಿಸಲಾರೆ. ಇದನ್ನ ನಿಮಗೂ ಮಾರಲ್ಲ, ಇನ್ನೊಬ್ಬರಿಗೂ ಮಾರಲ್ಲ. ಕೋಲಾರದಲ್ಲಿ ಮೆಕ್ಯಾನಿಕ್ ಕೆಲಸ ಕಲಿಯೋ ಹುಡುಗರಿದ್ದಾರಲ್ಲ, ಬಿಚ್ಚಿ ನೋಡಿ ಕಲೀಲಿ ಅಂತ ಕೊಟ್ಟುಬಿಡ್ತೀನಿ."

ಕೋದಂಡರಾಮಪ್ಪನಿಗೆ ನೆಲ ಜಾರಿದ ಹಾಗಾಯಿತು. "ಬಿಚ್ಚೋದಾ? ಬೇಡಮ್ಮ! ಗಾಡಿ ಬಂಗಾರದಂಗಿದೆ! ಬ್ರೇಕು ಅಂದ್ರೆ ಬ್ರೇಕು! ಲಾರೀನೇ ಎಳೀತಲ್ಲಮ್ಮ! ನೀವು ಹೇಳಿದಷ್ಟು ಕೊಡ್ತೀನಿ, ನಂಗೆ ಕೊಡಿ!"

ಭಾರತಮ್ಮನ ಕಣ್ಣು ಒದ್ದೆಯಾಯಿತು. "ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಹಿಂಗಂತೀರಿ. ಎಂಥ ದೊಡ್ಡ ಗುಣ! ಇಂಥೋರಿಗೆ ಅಂಥ ಗಾಡಿ ಕೊಡ್ಲಾ?"

"ಇಲ್ಲಮ್ಮ, ಗಣಪತಿ ಆಣೆಗೂ! ಮುನಿಶಾಮಿ, ನೀನಾದ್ರೂ ಹೇಳಯ್ಯಾ!"

ಮುನಿಶಾಮಿ ಬೇಕೆಂದೇ ಆಕಾಶ ನೋಡಿದ. "ನಂದೇನಿದೆ ಸ್ವಾಮಿ, ಹಗ್ಗ ಗಟ್ಟಿಯಾಗಿತ್ತು."

ಭಾರತಮ್ಮ ತಾವೂ ಜೀಪು ಹತ್ತಲಿಲ್ಲ, ಅವರನ್ನೂ ಹತ್ತಗೊಡಲಿಲ್ಲ. ಎಲ್ಲರೂ ಬಸ್ಸಿಗೆ ಕಾಯುತ್ತ ನಿಂತರು. ಬೇಡವೆಂದರೂ ಕೇಳದೆ ಮುನಿಶಾಮಿಯೊಬ್ಬನೇ ಕೂತ ಖಾಲಿ ಜೀಪು ಗುನುಗುತ್ತ ಅವರ ಮುಂದೆಯೇ ಹಾದು, ದಿನ್ನೆ ಹತ್ತಿ, ಮರೆಯಾಯಿತು.

ಸುಬ್ಬರಾಯಪ್ಪ ಹಣೆಯ ಬುಗುಟು ಸವರಿಕೊಂಡ. "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡಿ ಭಾವ. ನೀವು ಅಷ್ಟು ಕುಂದು ಹೇಳಿದ್ಮೇಲೆ ನಂಗೂ ಭಯ ಆಗಿತ್ತು."

ಕೋಲಾರದಲ್ಲಿ ಭಾರತಮ್ಮ ಇಳಿದುಹೋದರು. ಊರಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಆ ನೂಕುನುಗ್ಗಲಿನಲ್ಲೂ ಮೇಷ್ಟ್ರು ಸುಮ್ಮನಿರಲಿಲ್ಲ. ವಿಲಾಯತಿ ಗಾಡಿಯ ಹುಳುಕನ್ನು ಕೋದಂಡರಾಮಪ್ಪ ಹೇಗೆ ಒಂದೊಂದಾಗಿ ಹೊರಗೆಳೆದ, ಡಾಕ್ಟರಮ್ಮ ಹೇಗೆ ಕೈ ಮುಗಿದರು ಎಂದೆಲ್ಲ ಕತೆ ಮಾಡಿ ಹೇಳಿದರು. ಊರು ತಲುಪುವಷ್ಟರಲ್ಲಿ ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬ ಬರುವ ಭಾನುವಾರ ಹಳೇ ವ್ಯಾನೊಂದನ್ನು ನೋಡಿಕೊಡಬೇಕೆಂದು ಕೋದಂಡರಾಮಪ್ಪನಿಂದ ಮಾತು ತೆಗೆದುಕೊಂಡಿದ್ದ.

ಬಾಗಿಲಲ್ಲಿ ಶಾಮಲಮ್ಮ ತಟ್ಟೆಯಲ್ಲಿ ಕುಂಕುಮದ ನೀರು ಕಲಸಿ, ಗಾಡಿಗೆ ಆರತಿ ಎತ್ತಲು ಕಾಯುತ್ತಿದ್ದಳು. ಕಾಲಿಗೆ ಧೂಳು ಮೆತ್ತಿಕೊಂಡು ಗಂಡನೊಬ್ಬನೇ ಬಂದ.

"ಹೆಂಗಿತ್ತು ಗಾಡಿ?"

ಕೋದಂಡರಾಮಪ್ಪ ಜಗಲಿಯ ಮೇಲೆ ಕೂತ. ಅಭ್ಯಾಸಬಲದಿಂದ ಒಮ್ಮೆ ಹಿಂದೆ ತಿರುಗಿ ನೋಡಿದ. ಚಿವುಟುವವರು ಯಾರೂ ಇರಲಿಲ್ಲ.

"ಬಲು ಚೆನ್ನಾಗಿತ್ತು ಕಣೇ" ಎಂದ. "ಅಂಥ ಗಾಡಿ ಈ ಸೀಮೆಯಲ್ಲೇ ಇಲ್ಲ."

"ಹಂಗಿದ್ರೆ ತರಬೇಕಾಗಿತ್ತಪ್ಪ" ಎಂದಳು ಶಾಮಲಮ್ಮ. "ಬೆಳಗಿಂದ ಅದನ್ನ ಡಾಕ್ಟರಮ್ಮನೋರಿಗೆ ಹೇಳ್ಲಿಲ್ವಾ ನೀವು?"