ಹುರುಳಿ ದಾರಿಯಲ್ಲಿ ಬ್ರಾಂಟನ್ ರೀಗಲ್

ಬ್ರಾಂಟನ್ ಕಂಪನಿ ಭಾರತಕ್ಕೆ ಕೈಮುಗಿದು ಅಂಗಡಿ ಎತ್ತಿದ ದಿನವೇ ನಾನೊಂದು ಶಪಥ ಮಾಡಿದೆ. ಕಂಪನಿ ಹೋಗಲಿ, ಶೋರೂಮ್ ಹೋಗಲಿ, ಸರ್ವಿಸ್ ಸೆಂಟರಿನ ಜಾಗದಲ್ಲಿ ಕಲ್ಯಾಣ ಮಂಟಪವೇ ಬರಲಿ, ನಂಜನಗೂಡಿನ ಈ ಕಾಂತರಾಜು ಮಾತ್ರ ತನ್ನ ಬ್ರಾಂಟನ್ ರೀಗಲ್ ಕಾರನ್ನು ಬಿಡುವವನಲ್ಲ! ಬಾನೆಟ್ ಮೇಲೆ ಬಲಗೈ ಇಟ್ಟು, ಹೆಂಡತಿ ಶಾಂತಿಯ ಎದುರಿಗೇ ಗಟ್ಟಿಯಾಗಿ ಹೇಳಿದೆ.

"ಕೈ ತೆಗೀರಿ" ಎಂದಳು. "ಅಲ್ಲಿ ಸಂಡಿಗೆ ಒಣಗ್ಹಾಕಿದ್ದೀನಿ."

ಶಪಥಕ್ಕೆ ಅಷ್ಟೇ ಮರ್ಯಾದೆ ಸಿಕ್ಕಿದ್ದು. ಆದರೂ ನಾನು ಕದಲಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ರೀಗಲ್ ಎಂಬುದು ಮಿಡ್‌ಸೈಜ್ ಸೆಡಾನ್. ಮುಂದೆ ಮೂತಿ, ಹಿಂದೆ ಡಿಕ್ಕಿ, ನಡುವೆ ಗಾಂಭೀರ್ಯ. ಈಗಿನವರು ಏಣಿ ಹಾಕಿಕೊಂಡು ಹತ್ತುವಂಥ ಎತ್ತರದ ಗಾಡಿಗಳಿಗೆ ಮರುಳಾಗಿದ್ದಾರೆ. ನಾವು ಸೆಡಾನಿನವರು ಹಾಗಲ್ಲ, ನೆಲಕ್ಕೆ ಹತ್ತಿರವಾಗಿ, ಕಾಲು ಚಾಚಿಕೊಂಡು, ದೊರೆಗಳ ಹಾಗೆ ಕೂರುವವರು. ನೆಲಕ್ಕೆ ಎಷ್ಟು ಹತ್ತಿರ ಎಂಬುದು ಆಮೇಲೆ ಗೊತ್ತಾಯಿತು, ಅದು ಬೇರೆ ವಿಷಯ.

ನಾನು ಕೆಲಸ ಮಾಡುವುದು ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಪಕ್ಕದ ಮೇಜಿನ ರವಿಚಂದ್ರ ಜಪಾನಿನ ಸೆಡಾನ್ ಇಟ್ಟುಕೊಂಡಿದ್ದಾನೆ. ಬೆಳಗಿನ ಟೀ ಹೊತ್ತಿಗೆ ಅವನ ಮೊದಲ ಪ್ರಶ್ನೆ, "ನಿಮ್ದು ಲೀಟ್ರಿಗೆ ಎಷ್ಟು ಕೊಡ್ತದೆ?" ಹಸು ಎಷ್ಟು ಹಾಲು ಕೊಡುತ್ತದೆ ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಾನೆ. ನಾನು ಅಂಥ ಕ್ಷುದ್ರ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಅವನನ್ನು ಕೆಳಗೆ ಕರೆದುಕೊಂಡು ಹೋಗಿ ರೀಗಲ್ ಬಾಗಿಲು ತೆಗೆದು, ಮುಚ್ಚಿ ತೋರಿಸುತ್ತೇನೆ. ದಪ್! ಆ ಸದ್ದಿನಲ್ಲೇ ಇದೆ ಉಕ್ಕಿನ ಕುಲಗೋತ್ರ. ಜಪಾನಿನದು ಟಪ್ ಎನ್ನುತ್ತದೆ. ಮನೆಯಲ್ಲೂ ನೆಂಟರು ಬಂದಾಗಲೆಲ್ಲ ನಾಲ್ಕೂ ಬಾಗಿಲು ಹೀಗೆ ಬಡಿದು ತೋರಿಸುತ್ತಿದ್ದೆ. ಎದುರು ಮನೆಯ ಮಹದೇವಮ್ಮ ಒಂದು ದಿನ ಶಾಂತಿಯನ್ನು ಪಕ್ಕಕ್ಕೆ ಕರೆದು, "ನಿಮ್ಮೆಜಮಾನ್ರು ನೆಂಟರು ಬಂದ್ರೆ ಯಾಕವ್ವ ಇಂಗೆ ಕ್ವಾಪ ಮಾಡ್ಕತ್ತರೆ?" ಎಂದು ಮರುಗಿದರಂತೆ.

ಅನಾಥರಾದ ನಮಗೆಲ್ಲ ಒಂದು ವಾಟ್ಸಾಪ್ ಗುಂಪಿದೆ, 'ಬ್ರಾಂಟನ್ ಬಳಗ' ಅಂತ. ಮೂವತ್ತೊಂದು ಜನ ಸದಸ್ಯರು, ಓಡುವ ಸ್ಥಿತಿಯಲ್ಲಿರುವ ಕಾರುಗಳು ಹತ್ತೊಂಬತ್ತು. ಪ್ರೀತಿಗೇನೂ ಕೊರತೆಯಿಲ್ಲ. ಯಾರಾದರೂ ಗಾಡಿ ಗುದ್ದಿಕೊಂಡು ಫೋಟೋ ಹಾಕಿದರೆ ಸಾಕು, ಅರ್ಧ ನಿಮಿಷದಲ್ಲಿ ವಿಚಾರಣೆ ಶುರು. "ದೇವರು ದೊಡ್ಡವನು ಸಾರ್, ನಿಮಗೇನೂ ಆಗಲಿಲ್ಲವಲ್ಲ. ಎಡಗಡೆ ಹೆಡ್‌ಲೈಟ್ ಉಳಿದಿದೆಯಾ?"

ಎಲ್ಲ ಸುಖವಾಗಿಯೇ ಇತ್ತು. ಅಷ್ಟರಲ್ಲಿ ಶಾಂತಿಯ ತಮ್ಮ ನಂಜೇಶ್ ಕೊರಿಯಾದ ಸೆಡಾನ್ ತಂದ. ಮಾಡಿನಲ್ಲಿ ಕಿಟಕಿ, ಸೀಟಿನೊಳಗಿಂದ ತಣ್ಣನೆ ಗಾಳಿ, ಎದುರಿಗೆ ಟಿವಿಯಷ್ಟು ಪರದೆ! ಅಕ್ಕನನ್ನು ಒಂದು ಸುತ್ತು ಕೂರಿಸಿಕೊಂಡು ಬಂದ. ಇಳಿಯುವಾಗ ಅವಳ ಮುಖ ಊರಗಲವಾಗಿತ್ತು.

"ರೀ, ಸೀಟು ಬೆನ್ನಿಗೆ ಗಾಳಿ ಹಾಕ್ತದೆ."

"ಬೆನ್ನಿಗೆ ಗಾಳಿ ಯಾಕೆ? ನೀನೇನು ರೊಟ್ಟಿ ಬಡಿದು ಬಂದಿದ್ದೀಯಾ?"

"ಈಗ ತಾನೇ ಬಡಿದು ಬಂದಿದ್ದೀನಿ" ಎಂದಳು. ಆ ವಾದ ಅಲ್ಲಿಗೆ ಮುಗಿಯಿತು.

ಮಾರನೇ ದಿನ ತೀರ್ಪು ಹೊರಬಿತ್ತು. ಮೈಸೂರಿನ ಶೋರೂಮಿನವನ ಜೊತೆ ಅಕ್ಕ ತಮ್ಮ ಆಗಲೇ ಮಾತಾಡಿದ್ದಾರೆ, ಸೋಮವಾರ ಅವನು ಬಂದು ರೀಗಲ್ ನೋಡಿ ಎಕ್ಸ್‌ಚೇಂಜಿಗೆ ತೆಗೆದುಕೊಂಡು ಹೋಗುತ್ತಾನೆ. ಹನ್ನೊಂದು ವರ್ಷ ಸಾಕಿದ ಗಾಡಿ ಕಣ್ರೀ! ಅದರ ಹಾರನ್ ಕೆಟ್ಟಾಗ ನಾನೇ ಬಾಯಲ್ಲಿ ಕೂಗಿಕೊಂಡು ಓಡಿಸಿದ್ದೇನೆ. ಊಟ ಬಿಟ್ಟೆ, ಅಂದರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಬಿಟ್ಟೆ. ಶಾಂತಿ ಕರಗಿದಳು.

"ಆಯ್ತು. ಭಾನುವಾರ ನರಸೀಪುರದಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗೂಗೆ ಹೆಸರಿಡ್ತಾರಲ್ಲ, ಹೋಗುವಾಗ ನಿಮ್ಮ ಕಾರು, ಬರುವಾಗ ನಂಜೇಶಂದು. ಎರಡರಲ್ಲೂ ಕೂತು ನೋಡಿ ನಾನೇ ಹೇಳ್ತೀನಿ. ನಾನು ಹೇಳಿದ್ದೇ ಕೊನೆ, ಆಮೇಲೆ ಮಾತಿಲ್ಲ."

ಬೇರೆ ಯಾರಾದರೂ ಹೇಳಿದ್ದು ನಮ್ಮ ಮನೆಯಲ್ಲಿ ಕೊನೆಯಾದ ಉದಾಹರಣೆ ಇಲ್ಲವಾದ್ದರಿಂದ ಒಪ್ಪಿಕೊಂಡೆ.

ಶನಿವಾರವಿಡೀ ಸಿದ್ಧತೆ. ರೀಗಲ್ಲಿಗೆ ಅಭ್ಯಂಜನವಾಯಿತು, ಶಾಂತಿಯ ಸೀಟಿಗೆ ಹೊಸ ಟರ್ಕಿ ಟವೆಲ್ ಬಂತು, ಗಾಳಿಯ ಕೊರತೆ ನೀಗಲು ಒಂದು ಬ್ಯಾಟರಿ ಫ್ಯಾನೂ ಬಂತು. ಭಾನುವಾರ ಬೆಳಗ್ಗೆ ಎಂಟಕ್ಕೆ ನಾನು ರೇಷ್ಮೆ ಪಂಚೆ, ಬಿಳಿ ಶರ್ಟು. ನಂಜೇಶ್ ಮುಖ್ಯರಸ್ತೆ ಹಿಡಿದ. ಅವನಿಗಿಂತ ಮೊದಲೇ ಹೋಗಿ, ನಾಮಕರಣದ ಮಂಟಪದ ಬಾಗಿಲಲ್ಲಿ ನಿಂತು, "ಈಗ ಬಂದ್ಯಾ ನಂಜೇಶ?" ಎಂದು ಕೇಳುವ ಆಸೆ ನನಗೆ. ಹೆಡತಲೆ ಊರಿನ ಕಡೆಯ ಒಳದಾರಿಗೆ ತಿರುಗಿಸಿದೆ.

"ಇದ್ಯಾಕೆ ಈ ಕಡೆ? ಇದು ಹುರುಳಿ ಕಾಲ. ದಾರಿಯುದ್ದಕ್ಕೂ ಹಾಕಿರ್ತಾರೆ" ಎಂದಳು ಶಾಂತಿ. ರೈತರ ಮನೆಯಲ್ಲಿ ಹುಟ್ಟಿದವಳು.

"ಹುರುಳಿಗೆ ಹೆದರೋ ಗಾಡಿ ಅಲ್ಲ ಇದು."

ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ವಿವರಿಸಬೇಕಿಲ್ಲ. ಕಿತ್ತ ಹುರುಳಿ ಗಿಡವನ್ನು ಡಾಂಬರು ರಸ್ತೆಗೆ ಹರಡಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದುಕೊಂಡು ಹೋದಂತೆ ಕಾಳು ಉದುರುತ್ತದೆ, ಒಕ್ಕಣೆಗೆ ಕೂಲಿಯಿಲ್ಲ. ಎತ್ತರದ ಗಾಡಿಗಳಿಗೆ ಇದು ಏನೂ ಅಲ್ಲ. ದೊರೆಗಳ ಹಾಗೆ ಕೂರುವವರಿಗೆ ಮಾತ್ರ ಕಷ್ಟ.

ಹೆಡತಲೆ ದಾಟಿ ಸ್ವಲ್ಪ ದೂರಕ್ಕೆ ಎರಡು ಫರ್ಲಾಂಗು ಉದ್ದದ ಹುರುಳಿ ಹಾಸಿಗೆ ಎದುರಾಯಿತು. ಮೊಣಕಾಲೆತ್ತರ. ಶಾಂತಿ "ತಿರುಗಿಸಿ" ಎಂದಳು, ನಾನು ಗೇರು ಬದಲಿಸಿದೆ. ಮೊದಲ ಫರ್ಲಾಂಗು ರೀಗಲ್ ತೆಪ್ಪದ ಹಾಗೆ ತೇಲಿತು. "ನೋಡಿದ್ಯಾ ಸಸ್ಪೆನ್ಷನ್ನು?" ಎಂದೆ. ಮುಂದೆ ಅಡಿಯಲ್ಲಿ ಸರಸರ ಎಂದಿತು, ಆಮೇಲೆ ಕರಕರ, ಆಮೇಲೆ ಕಾರು ಮುಂದಕ್ಕೆ ಹೋಗುವುದನ್ನೇ ಮರೆಯಿತು. ಎಲ್ಲಿಂದಲೋ ಹುರುಳಿ ಹುರಿದ ಘಮ ಬಂತು.

"ಯಾರೋ ಹುರುಳಿ ಹುರೀತಾ ಇದ್ದಾರೆ."

"ನೀವೇ ಹುರೀತಾ ಇರೋದು. ಇಳೀರಿ!" ಎಂದು ಶಾಂತಿ ಬಾಗಿಲು ತೆಗೆದು ಹಾರಿದಳು.

ಹೊಲದ ಬದಿಯಿಂದ ಒಬ್ಬ ಹೆಂಗಸು ಕುಡುಗೋಲು, ಬಿಂದಿಗೆ ಹಿಡಿದು ಓಡಿಬಂದಳು. ಹೆಸರು ಗೋವಿಂದಮ್ಮ, ಹುರುಳಿಯ ಒಡತಿ. "ಆಪ್ ಮಾಡಿ ಸಾ. ಅಡೀಲಿ ಒಗೆ ಬತ್ತಾ ಅದೆ. ಸೈಲೆನ್ಸರು ಬಿಸಿಗೆ ಬೆಂಕಿ ಇಡ್ಕಂಡ್ರೆ ಕಾರೂ ಓಯ್ತದೆ, ನನ್ನ ಉಳ್ಳಿನೂ ಓಯ್ತದೆ." ಎರಡರಲ್ಲಿ ಯಾವುದರ ಚಿಂತೆ ಹೆಚ್ಚು ಎಂಬುದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

ಎರಡು ಬಿಂದಿಗೆ ನೀರು ಸುರಿದ ಮೇಲೆ ಹೊಗೆ ನಿಂತಿತು. ನನ್ನೊಳಗಿನ ಸರ್ಕಾರಿ ನೌಕರ ಆಗ ಎದ್ದ.

"ಏನಮ್ಮ, ಇದು ಸರ್ಕಾರಿ ರಸ್ತೆ. ಹಿಂಗೆಲ್ಲ ಹುರುಳಿ ಹಾಕಬಹುದಾ?"

"ಸರ್ಕಾರ್ದೋರು ನಮಗೋಸ್ಕರವೇ ಆಕ್ಕೊಟ್ಟಿರೋದು ಸಾ. ಡಾಂಬ್ರು ಆದ್ಮೇಲೆ ಕಾಳಲ್ಲಿ ಒಂದು ಕಲ್ಲಿಲ್ಲ. ಪುಣ್ಯವಂತರು."

ರೇಷ್ಮೆ ಪಂಚೆ ಎತ್ತಿಕಟ್ಟಿ ಕಾರಿನಡಿಗೆ ನುಸುಳಿದೆ. ಆಕ್ಸೆಲ್ಲಿಗೆ ಹುರುಳಿ ಬಳ್ಳಿ ಜಡೆ ಹೆಣೆದ ಹಾಗೆ ಸುತ್ತಿತ್ತು. ಗೋವಿಂದಮ್ಮ ಕೊಟ್ಟ ಕುಡುಗೋಲಿನಲ್ಲಿ ಕೊಯ್ದೆ, ಎಳೆದೆ, ಮತ್ತೂ ಎಳೆದೆ. ಟಕ್ ಎಂದು ಇಂಜಿನ್ನಿನ ಅಡಿಯ ಅಗಲ ಪ್ಲಾಸ್ಟಿಕ್ ಕವಚವೇ ಕೈಗೆ ಬಂತು. ಇಡೀ ದೇಶದಲ್ಲಿ ಹುಡುಕಿದರೂ ಸಿಗದ ಸಾಮಾನು! ಅಳು ಬಂದುಬಿಟ್ಟಿತು, ಸುಳ್ಳೇಕೆ ಹೇಳಲಿ. ಅಲ್ಲೇ ಮಲಗಿಕೊಂಡು ಫೋಟೋ ತೆಗೆದು ಬಳಗಕ್ಕೆ ಹಾಕಿದೆ. ಮೂರು ಉತ್ತರ ಬಂದವು. ಒಬ್ಬರು ಕಣ್ಣೀರಿನ ಚಿತ್ರ ಕಳಿಸಿದರು. ಇಬ್ಬರು, ಗಾಡಿ ಬಿಡುವುದಾದರೆ ಸೀಟು ತಮಗಿರಲಿ ಎಂದರು.

ಹೊರಗೆ ಬಂದು ನೋಡಿದರೆ ಗೋವಿಂದಮ್ಮ ಆ ಕವಚದಲ್ಲಿ ಕಾಳು ತುಂಬಿಕೊಂಡು ಕೇರುತ್ತಿದ್ದಾಳೆ. "ಮೊರಕ್ಕಿಂತ ಸಲೀಸಾಗದೆ ಸಾ. ಇದು ಬೇಕಾ ನಿಮಗೆ?"

ಅಷ್ಟರಲ್ಲಿ ನಂಜೇಶನ ಫೋನು. "ಭಾವ, ಎಲ್ಲಿದ್ದೀರಿ? ಮಗೂಗೆ ಹೆಸರಿಟ್ಟು ಎಲೆ ಹಾಕಿದ್ರು." ಶಾಂತಿ ಫೋನ್ ಕಸಿದು ಜಾಗ ಹೇಳಿದಳು. ನಾನು ಕೇಳಿಸಿಕೊಳ್ಳಬಾರದೆಂದೋ ಏನೋ, ದೂರ ಹೋಗಿ ನಕ್ಕಳು.

"ಎಡಗಡೆ ಚಕ್ರದಲ್ಲಿ ಇನ್ನೂ ಸುತ್ತಕಂಡದೆ ಸಾ" ಎಂದಳು ಗೋವಿಂದಮ್ಮ, ಬಗ್ಗಿ ನೋಡಿ. "ಇಂದಕ್ಕೂ ಮುಂದಕ್ಕೂ ಆಡ್ಸಿ, ತಾನೇ ಬುಟ್ಕತ್ತದೆ. ತುಳಿದು ಮಟ್ಟ ಆಗಿರೋ ಕಡೇಲೇ ಓಡ್ಸಿ, ಬೆಂಕಿ ಭಯ ಇಲ್ಲ."

ಹಿಂದಕ್ಕೆ ಓಡಿಸಿದೆ, ಮುಂದಕ್ಕೆ ಓಡಿಸಿದೆ. "ಇನ್ನೊಂದ್ ದಪ ಸಾ." ಮತ್ತೊಮ್ಮೆ. "ಸ್ವಲ್ಪ ಬಲಕ್ಕೆ ಬನ್ನಿ ಸಾ." ಬಲಕ್ಕೆ ಬಂದೆ. ಗೋವಿಂದಮ್ಮ ಟ್ರಾಫಿಕ್ ಪೊಲೀಸಿನವರ ಹಾಗೆ ಕೈ ಬೀಸುತ್ತಾಳೆ, ನಾನು ಹೋಗುತ್ತೇನೆ, ಬರುತ್ತೇನೆ. ಕನ್ನಡಿಯಲ್ಲಿ ನೋಡಿದರೆ, ಶಾಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕವೆಗೋಲು ಹಿಡಿದು, ನಾನು ತುಳಿದ ಹುರುಳಿಯನ್ನು ಮಗುಚಿ ಹಾಕುತ್ತಿದ್ದಾಳೆ! ಪಾಪ, ನನ್ನ ಕಾರಿಗೆ ದಾರಿ ಮಾಡಿಕೊಡುತ್ತಿದ್ದಾಳೆ ಎಂದುಕೊಂಡು ಎದೆ ತುಂಬಿ ಬಂತು.

ಇಪ್ಪತ್ತನೇ ಸುತ್ತಿನ ಹೊತ್ತಿಗೆ ನಂಜೇಶನ ಕಾರು ಬಂದು ಹುರುಳಿಗೆ ಮಾರು ದೂರದಲ್ಲೇ ನಿಂತಿತು. ಮಾಡಿನ ಕಿಟಕಿಯಿಂದ ಅರ್ಧ ಮೇಲೆದ್ದು ನೋಡಿದ.

"ಭಾವ, ಏನ್ ಮಾಡ್ತಿದ್ದೀರಿ?"

"ಎಡಗಡೆ ಚಕ್ರ ಬಿಡಿಸ್ತಿದ್ದೀನಿ. ನೀನೂ ಬಾ ಇತ್ತ."

"ಇಲ್ಲಪ್ಪ. ನಂದು ಹೊಸ ಗಾಡಿ" ಎಂದು ಕಿಟಕಿಯೊಳಗೆ ಇಳಿದುಹೋದ.

ನನಗೆ ಅನುಮಾನ ಬಂದದ್ದು ಆಗ. ಇಳಿದು ಬಗ್ಗಿ ನೋಡಿದೆ. ಎಡಗಡೆ ಚಕ್ರದಲ್ಲಿ ಒಂದು ಎಳೆಯೂ ಇಲ್ಲ. ಸುತ್ತ ನೋಡಿದೆ. ಮೊಣಕಾಲೆತ್ತರದ ಹುರುಳಿ ಚಾಪೆಯಾಗಿದೆ, ಪಕ್ಕದಲ್ಲಿ ಕಾಳಿನ ರಾಶಿ ನನ್ನ ಸೊಂಟಕ್ಕೆ ಬಂದಿದೆ.

"ಶಾಂತಿ, ಚಕ್ರ ಯಾವಾಗ ಬಿಟ್ಕೊಂಡಿತು?"

"ಎರಡನೇ ಸುತ್ತಿಗೇ."

"ಮತ್ತೆ ಹೇಳಬಾರದಾ?"

"ಒಕ್ಕಣೆ ಅರ್ಧಕ್ಕೆ ನಿಲ್ಲಿಸ್ಬಾರ್ದು" ಎಂದಳು, ಕವೆಗೋಲು ಕೆಳಗಿಡದೆ.

ಗೋವಿಂದಮ್ಮನಿಗೆ ಮಾತ್ರ ನನ್ನ ಮೇಲೆ ತುಂಬಿದ ಗೌರವ. ಸೆರಗಿನಲ್ಲಿ ನಾಲ್ಕು ಸೇರು ಹುರುಳಿ ತಂದು ಡಿಕ್ಕಿಗೆ ಸುರಿದಳು. ರೀಗಲ್ ಬೆನ್ನು ತಟ್ಟಿದಳು. "ಬಸ್ಸು ಬಂದ್ರೆ ಒಂದೇ ಗೆರೇಲಿ ಓಯ್ತದೆ ಸಾ. ಇದ್ರ ಅಡೀನೂ ಉಜ್ತದೆ, ಚಕ್ರಾನೂ ತುಳೀತದೆ. ಯಾವ ಕಂಪ್ನಿದು?"

"ಬ್ರಾಂಟನ್. ಮುಚ್ಚಿಹೋಯ್ತು."

"ಅಯ್ಯೋ, ಇಂಥದ್ನ ಮುಚ್ತರಾ? ಕೃಷಿ ಇಲಾಖೇರು ವಸಿ ನೋಡ್ಬಾರ್ದಾಗಿತ್ತಾ."

ಪಂಚೆ ಹರಿದಿತ್ತು, ಶರ್ಟು ಮಣ್ಣಾಗಿತ್ತು, ಹೆಸರಿಟ್ಟ ಮಗುವಿನ ಹೆಸರೂ ನನಗೆ ಗೊತ್ತಿರಲಿಲ್ಲ. ನಾಳೆ ಶೋರೂಮಿನವನು ಬರುತ್ತಾನೆ. ಬಾನೆಟ್ಟಿಗೆ ಒರಗಿ ನಿಂತೆ. ಹನ್ನೊಂದು ವರ್ಷದ ಸಂಸಾರ ಮುಗಿಯಿತು ಎನಿಸಿತು.

"ಶಾಂತಿ, ನೀನು ಹೇಳಿದ ಹಾಗೇ ಆಗಲಿ. ನಂಜೇಶನ ಕಾರಲ್ಲಿ ಕೂತು ಹೋಗು. ನಾಳೆ ಇದನ್ನು ಕೊಟ್ಟುಬಿಡ್ತೀನಿ."

ಅವಳು ಕಾಳಿನ ರಾಶಿ ನೋಡಿದಳು, ರೀಗಲ್ ನೋಡಿದಳು, ಕೊನೆಗೆ ನನ್ನನ್ನೂ ನೋಡಿದಳು.

"ಕೊಡೋದೆಂಥದ್ದು? ನಂಜೇಶ, ಶೋರೂಮಿನೋನಿಗೆ ಫೋನ್ ಮಾಡಿ ನಾಳೆ ಬರೋದು ಬೇಡ ಅಂತ ಹೇಳು. ಈ ಕಾರು ಮನೇಲೇ ಇರುತ್ತೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಗೆದ್ದೆ! ಕೊರಿಯಾ ಸೋತಿತು, ಜಪಾನ್ ಸೋತಿತು, ಮುಚ್ಚಿಹೋದ ಬ್ರಾಂಟನ್ ಗೆದ್ದಿತು! ಎದೆಯುಬ್ಬಿಸಿ ನಂಜೇಶನ ಕಡೆ ತಿರುಗಿ, "ಕೇಳಿಸ್ತೇನೋ?" ಎಂದೆ. ಅವನೇಕೋ ಸ್ವಲ್ಪವೂ ಬೇಸರಪಡದೆ ನಗುತ್ತಿದ್ದ.

ಶಾಂತಿ ಆಗಲೇ ಹೆಮ್ಮರಗಾಲದಲ್ಲಿರುವ ತಾಯಿಗೆ ಫೋನ್ ಹಚ್ಚಿದ್ದಳು.

"ಅವ್ವಾ, ನಮ್ಮ ಎರಡೆಕರೆ ಹುರುಳಿಗೆ ಟ್ರ್ಯಾಕ್ಟ್ರುನೋರಿಗೆ ಹೇಳ್ಬೇಡ. ಮುಂದಿನ ಭಾನುವಾರ ನಿನ್ನ ಅಳಿಯಂದ್ರೇ ಬರ್ತಾರೆ."